ಇತಿಹಾಸದ ಪಾಪಕ್ಕೆ ಪಿಶಾಚಿ ಹೊಣೆಯೇ?

2012ರಲ್ಲಿ ಅಮೆರಿಕದ ಹದಿನಾರನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಕುರಿತ ಎರಡು ಚಲನಚಿತ್ರಗಳು ಐದು ತಿಂಗಳ ಅಂತರದಲ್ಲಿ ತೆರೆಕಂಡವು. ನವೆಂಬರ್‌ನಲ್ಲಿ ಬಂದ ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಲಿಂಕನ್’, ಗುಲಾಮಗಿರಿಯನ್ನು ರದ್ದುಗೊಳಿಸುವ 13ನೆಯ ಸಂವಿಧಾನ ತಿದ್ದುಪಡಿಗೆ ಜನಪ್ರತಿನಿಧಿ ಸಭೆಯಲ್ಲಿ ಮತ ಕೂಡಿಸಿದ ಕಥೆಯನ್ನು ಹೇಳಿತು. ಲಿಂಕನ್ ಪಾತ್ರ ವಹಿಸಿದ ಡೇನಿಯಲ್ ಡೇ-ಲೂಯಿಸ್ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಅದಕ್ಕೂ ಮೊದಲು, ಜೂನ್ ತಿಂಗಳಲ್ಲಿ ಬಂದ ಚಿತ್ರದ ಹೆಸರು ‘ಅಬ್ರಹಾಂ ಲಿಂಕನ್: ವ್ಯಾಂಪೈರ್ ಹಂಟರ್’. ಅದರಲ್ಲಿ ಲಿಂಕನ್ ಹಗಲಿನಲ್ಲಿ ಅಂಗಡಿಯ ಕೆಲಸ ಮಾಡುತ್ತಾ ಕಾನೂನು ಓದುವ ಯುವಕ. ರಾತ್ರಿಯಾದೊಡನೆ ಬೆಳ್ಳಿ ಲೇಪಿಸಿದ ಕೊಡಲಿ ಹಿಡಿದು ರಕ್ತಪಿಶಾಚಿಗಳ ರುಂಡ ಚೆಂಡಾಡುವ ಬೇಟೆಗಾರ.

ಇಂಥ ಚಿತ್ರವನ್ನು ಕಂಡು ಮೂಗು ಮುರಿಯುವುದು ಸುಲಭ. ಮಹಾಪುರುಷರಿಗೆ ಅಪಚಾರವಾಯಿತೆಂದು ಕೂಗುವುದು ಇನ್ನೂ ಸುಲಭ. ಮನೆಯ ಕಿರಿಯರ ಒತ್ತಾಯಕ್ಕೆ ಚಿತ್ರ ನೋಡಲು ಕುಳಿತ ನಾನು ಮೊದಲ ಅರ್ಧ ಗಂಟೆ ಮನಸಾರೆ ನಕ್ಕೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಚಿತ್ರ ಮುಗಿದ ಮೇಲೆ ಒಂದು ಅಸಮಾಧಾನ ಉಳಿದುಕೊಂಡಿತು. ಲಿಂಕನ್ ಪಿಶಾಚಿಗಳೊಡನೆ ಹೋರಾಡಿದ್ದು ಅದಕ್ಕೆ ಕಾರಣವಲ್ಲ. ಗುಲಾಮರ ಒಡೆಯರು ಪಿಶಾಚಿಗಳಾಗಿದ್ದರು ಎಂಬುದು ಕಾರಣ. ನಿಜವಾಗಿ ಬದುಕಿದ್ದ ವ್ಯಕ್ತಿಗಳನ್ನು ಭೂತಪ್ರೇತಗಳ ಕಥೆಯೊಳಗೆ ತಂದು ನಿಲ್ಲಿಸುವ ಚಿತ್ರಗಳು ಈಗ ಅಪರೂಪವಲ್ಲ. ಅವುಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ ನಾವು ಎಣಿಸುವುದಕ್ಕಿಂತ ಗಂಭೀರವಾದುದು.

ಡ್ರಾಕುಲಾ ಎಂಬ ಪೂರ್ವಜ

ನಿಜವಾದ ಮನುಷ್ಯನಿಗೆ ಪಿಶಾಚಿಯ ವೇಷ ತೊಡಿಸುವುದು ಸಿನಿಮಾ ಕಂಡುಹಿಡಿದ ವಿದ್ಯೆಯಲ್ಲ. ಈಗಿನ ರುಮೇನಿಯದ ಭಾಗವಾಗಿರುವ ವಲೇಕಿಯವನ್ನು 15ನೆಯ ಶತಮಾನದಲ್ಲಿ ಆಳಿದ ಮೂರನೆಯ ವ್ಲಾದ್ ಎಂಬ ರಾಜಕುಮಾರನಿದ್ದ. ತಂದೆಯ ಬಿರುದು ಡ್ರಾಕುಲ್, ಮಗ ಡ್ರಾಕುಲಾ. ಹುಡುಗನಾಗಿದ್ದಾಗ ತುರ್ಕಿ ಸುಲ್ತಾನನ ಬಳಿ ಒತ್ತೆಯಾಳಾಗಿದ್ದವನು, ಪಟ್ಟಕ್ಕೆ ಬಂದ ಮೇಲೆ ಶತ್ರುಗಳನ್ನು ಶೂಲಕ್ಕೇರಿಸಿ ಕುಖ್ಯಾತನಾದ. ಟ್ರಾನ್ಸಿಲ್ವೇನಿಯದ ಜರ್ಮನ್ ವರ್ತಕರಿಗೂ ಅವನಿಗೂ ವ್ಯಾಪಾರದ ಹಕ್ಕುಗಳ ವಿಷಯದಲ್ಲಿ ವೈರವಿತ್ತು. ಅದೇ ಶತಮಾನದ ಕೊನೆಯಲ್ಲಿ, ಆಗತಾನೆ ಬಳಕೆಗೆ ಬಂದಿದ್ದ ಅಚ್ಚಿನ ಯಂತ್ರದಿಂದ, ಅವನ ಕ್ರೌರ್ಯವನ್ನು ಬಣ್ಣಿಸುವ ಜರ್ಮನ್ ಕಿರುಹೊತ್ತಗೆಗಳು ಹೊರಬಿದ್ದವು. ಜನ ಅವನ್ನು ಕೊಂಡು ಓದಿದರು. ಅಂದರೆ ಐತಿಹಾಸಿಕ ವ್ಯಕ್ತಿಯನ್ನು ಭಯಾನಕ ಕಥೆಯ ಸರಕಾಗಿ ಮಾರುವ ಉದ್ಯಮಕ್ಕೆ ಮುದ್ರಣಕಲೆಯಷ್ಟೇ ವಯಸ್ಸಾಗಿದೆ.

ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ‘ಡ್ರಾಕುಲಾ’ ಕಾದಂಬರಿ ಬರೆದಾಗ ವ್ಲಾದ್‌ನ ಬಗ್ಗೆ ಅವನಿಗೆ ಹೆಚ್ಚೇನೂ ತಿಳಿದಿರಲಿಲ್ಲ. ಇಂಗ್ಲೆಂಡಿನ ವಿಟ್ಬಿ ಎಂಬ ಕಡಲ ತೀರದ ಊರಿನ ಗ್ರಂಥಾಲಯದಲ್ಲಿ, ವಲೇಕಿಯ ಮತ್ತು ಮೊಲ್ಡೇವಿಯಗಳನ್ನು ಕುರಿತ ಹಳೆಯ ಪುಸ್ತಕವೊಂದರಲ್ಲಿ ಅವನಿಗೆ ಸಿಕ್ಕಿದ್ದು ಮುಖ್ಯವಾಗಿ ಒಂದು ಹೆಸರು. ಆ ಹೆಸರು ಮತ್ತು ಆ ಮನುಷ್ಯ ಬಿಡಿಸಲಾಗದಂತೆ ಬೆಸೆದುಕೊಂಡದ್ದು ಆಮೇಲೆ. 1992ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ತಮ್ಮ ಚಿತ್ರವನ್ನು ವ್ಲಾದ್‌ನ ಯುದ್ಧದಿಂದಲೇ ಆರಂಭಿಸಿದರು. 2014ರ ‘ಡ್ರಾಕುಲಾ ಅನ್‌ಟೋಲ್ಡ್’ ಚಿತ್ರದಲ್ಲಿ ವ್ಲಾದ್ ತನ್ನ ಜನರನ್ನೂ ಮಗನನ್ನೂ ತುರ್ಕರಿಂದ ಕಾಪಾಡಲು ಪಿಶಾಚಿಯಾಗಲು ಒಪ್ಪುವ ತ್ಯಾಗಿ.

ಇತ್ತ ರುಮೇನಿಯದಲ್ಲಿ ಅದೇ ವ್ಲಾದ್ ಬೇರೊಂದು ರೂಪ ತಾಳಿದ್ದ. 1976ರಲ್ಲಿ ಅವನ ಮರಣದ ಐನೂರನೆಯ ವರ್ಷವನ್ನು ಚೌಷೆಸ್ಕು ಸರ್ಕಾರ ರಾಷ್ಟ್ರವೀರನ ಸ್ಮರಣೆಯಾಗಿ ಆಚರಿಸಿತು. 1979ರಲ್ಲಿ ಬಂದ ರುಮೇನಿಯನ್ ಚಿತ್ರದಲ್ಲಿ ಅವನು ಕಠಿಣನಾದರೂ ನ್ಯಾಯವಂತನಾದ ದೊರೆ. ಹೊರಗಿನವರು ರಾಜನನ್ನು ಪಿಶಾಚಿ ಮಾಡಿದರು. ಒಳಗಿನ ಸರ್ವಾಧಿಕಾರಿ ಅವನನ್ನು ಸಂತನನ್ನಾಗಿಸಲು ಹೊರಟ. ಶೂಲದ ಮೇಲೆ ಸತ್ತವರ ನೆನಪು ಎರಡು ಕಡೆಯೂ ಉಳಿಯಲಿಲ್ಲ. ಇತಿಹಾಸಕ್ಕೆ ಅನ್ಯಾಯ ಮಾಡಲು ದೆವ್ವವೇ ಬೇಕೆಂದಿಲ್ಲ, ದೇಶಭಕ್ತಿಯೂ ಸಾಕು ಎಂಬುದನ್ನು ಮುಂದಿನ ಚರ್ಚೆಗೆ ಹೊರಡುವ ಮುನ್ನ ನೆನಪಿನಲ್ಲಿಡುವುದು ಒಳ್ಳೆಯದು.

ಗುಲಾಮಗಿರಿಯ ಲೆಕ್ಕ

ಈಗ ಲಿಂಕನ್ ಅವರ ಕಥೆಗೆ ಬರೋಣ. ಸೆತ್ ಗ್ರಹಾಂ-ಸ್ಮಿತ್ 2010ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ತಿಮೂರ್ ಬೆಕ್ಮಾಂಬೆತೊವ್ ನಿರ್ದೇಶಿಸಿದ ಈ ಚಿತ್ರ ಇತಿಹಾಸವನ್ನು ಅರಿಯದವರ ಕೈಕೆಲಸವಲ್ಲ. ಅದರ ಜಾಣತನವಿರುವುದು ನಿಜ ಸಂಗತಿಗಳ ಸಂದಿಗಳಲ್ಲಿ ಪಿಶಾಚಿಗಳನ್ನು ತುರುಕುವುದರಲ್ಲಿ. ಲಿಂಕನ್ ಕೊಡಲಿ ಬೀಸುತ್ತಿದ್ದುದು ನಿಜ. 1860ರ ಚುನಾವಣೆಯಲ್ಲಿ ಮರ ಸೀಳುವ ಕಾಯಕದವನೆಂದೇ ಅವರನ್ನು ಜನರ ಮುಂದೆ ನಿಲ್ಲಿಸಲಾಗಿತ್ತು. ಅವರ ತಾಯಿ ನ್ಯಾನ್ಸಿ 1818ರಲ್ಲಿ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡರು. ಚಿತ್ರದಲ್ಲಿ ಆಕೆಯನ್ನು ಕೊಲ್ಲುವುದು ಒಬ್ಬ ಪಿಶಾಚಿ. ವಾಸ್ತವದಲ್ಲಿ ಕೊಂದದ್ದು ಹಾಲು. ವಿಷಕಾರಿ ಕಾಡುಗಿಡವೊಂದನ್ನು ಮೇಯ್ದ ಹಸುಗಳ ಹಾಲು ಕುಡಿದು ಆ ಪ್ರದೇಶದ ವಲಸೆಗಾರರು ಸಾಯುತ್ತಿದ್ದರು. ಕಾರಣ ಏನೆಂದು ಆಗ ಅವರಿಗೆ ತಿಳಿದಿರಲಿಲ್ಲ. ದಿನವೂ ಮಕ್ಕಳಿಗೆ ಕುಡಿಸುವ ಹಾಲೇ ಮೃತ್ಯುವಾಗಿ, ಅದು ಮೃತ್ಯುವೆಂದು ಯಾರಿಗೂ ಗೊತ್ತಿಲ್ಲದಿರುವುದಕ್ಕಿಂತ ಭಯಾನಕವಾದ ಕಥೆ ಇನ್ನೇನು ಬೇಕು?

1862ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಭವನದಲ್ಲೇ ಅವರ ಮಗ ವಿಲ್ಲಿ ವಿಷಮಶೀತ ಜ್ವರದಿಂದ ಸತ್ತ. ಚಿತ್ರದಲ್ಲಿ ಅದೂ ಪಿಶಾಚಿಯ ಕಡಿತ. ಆ ದುಃಖದ ನಿಜ ಚರಿತ್ರೆಯಲ್ಲೇ ಪ್ರೇತಗಳಿಗೆ ಜಾಗವಿತ್ತು ಎಂಬುದು ಕುತೂಹಲದ ಸಂಗತಿ. ತಾಯಿ ಮೇರಿ ಲಿಂಕನ್ ಸತ್ತ ಮಗನೊಡನೆ ಮಾತನಾಡಲು ಪ್ರೇತಾವಾಹಕರ ಮೊರೆಹೊಕ್ಕರು. ಪತಿಯ ಹತ್ಯೆಯಾದ ಎಷ್ಟೋ ವರ್ಷಗಳ ಅನಂತರ ವಿಲಿಯಂ ಮಮ್ಲರ್ ಎಂಬ ಛಾಯಾಗ್ರಾಹಕ ಅವರ ಚಿತ್ರ ತೆಗೆದು, ಹಿಂದೆ ಲಿಂಕನ್ ಅವರ ಆತ್ಮ ಹೆಗಲ ಮೇಲೆ ಕೈಯಿಟ್ಟು ನಿಂತಂತೆ ತೋರಿಸಿಕೊಟ್ಟ. ಇದೇ ವಿದ್ಯೆಗಾಗಿ ಅವನ ಮೇಲೆ 1869ರಲ್ಲಿ ನ್ಯೂಯಾರ್ಕಿನಲ್ಲಿ ವಂಚನೆಯ ಮೊಕದ್ದಮೆ ನಡೆದು, ಅವನು ಪಾರಾಗಿದ್ದ. ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಲಕ್ಷಾಂತರ ಮನೆಗಳ ಶೋಕ ಅಂಥವರಿಗೆ ಮಾರುಕಟ್ಟೆಯಾಗಿತ್ತು.

ಇವೆಲ್ಲವನ್ನೂ ಕಲ್ಪನೆಯ ಸ್ವಾತಂತ್ರ್ಯವೆಂದು ಕ್ಷಮಿಸಬಹುದು. ಕ್ಷಮಿಸಲು ಕಷ್ಟವಾಗುವುದು ಚಿತ್ರದ ಮೂಲ ಕಲ್ಪನೆ. ದಕ್ಷಿಣದ ರಾಜ್ಯಗಳಲ್ಲಿ ರಕ್ತಪಿಶಾಚಿಗಳು ನೆಲೆಸಿದ್ದವು, ಗುಲಾಮರು ಅವುಗಳ ಆಹಾರವಾಗಿದ್ದರು, ಆ ಆಹಾರದ ಪೂರೈಕೆ ನಿಲ್ಲಬಾರದೆಂದೇ ಅವು ಗುಲಾಮಗಿರಿಯನ್ನು ಎತ್ತಿಹಿಡಿದವು ಎಂಬುದು ಕಥೆ. ಗೆಟಿಸ್‌ಬರ್ಗ್ ಕಾಳಗದಲ್ಲಿ ದಕ್ಷಿಣದ ಪರವಾಗಿ ಯುದ್ಧಕ್ಕಿಳಿಯುವುದೂ ಅವೇ. 1863ರ ಜುಲೈ 1ರಿಂದ 3ರವರೆಗೆ ನಡೆದ ನಿಜವಾದ ಆ ಕಾಳಗದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಸುಮಾರು 51,000 ಮಂದಿಯೂ ಮನುಷ್ಯರೇ ಆಗಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಕೆಲವು ಅಂಕಿಗಳು ನೆನಪಾಗುತ್ತವೆ. 1860ರ ಜನಗಣತಿಯ ಪ್ರಕಾರ ಅಮೆರಿಕದ 3.14 ಕೋಟಿ ಜನರಲ್ಲಿ ಸುಮಾರು 39.5 ಲಕ್ಷ ಮಂದಿ ಗುಲಾಮರು. ಎಂಟು ಜನರಲ್ಲಿ ಒಬ್ಬ, ಇನ್ನೊಬ್ಬನ ಸ್ವತ್ತು. ಯುದ್ಧದ ಹಿಂದಿನ ವರ್ಷಗಳಲ್ಲಿ ಆ ದೇಶದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹತ್ತಿಯದು. ಆ ಹತ್ತಿಯನ್ನು ನೂತದ್ದು ಲ್ಯಾಂಕಾಷೈರಿನ ಗಿರಣಿಗಳು. ವಿಮೆ, ಸಾಲ, ಹಡಗು ಒದಗಿಸಿದವರಲ್ಲಿ ಉತ್ತರದ ನ್ಯೂಯಾರ್ಕಿನ ವ್ಯಾಪಾರಿಗಳೂ ಇದ್ದರು. ಗುಲಾಮರನ್ನು ಅಡವಿಟ್ಟು ಸಾಲ ಪಡೆಯಬಹುದಿತ್ತು, ಉಯಿಲಿನಲ್ಲಿ ಮಕ್ಕಳಿಗೆ ಹಂಚಬಹುದಿತ್ತು. ಒಕ್ಕೂಟದಿಂದ ಬೇರೆಯಾಗುವಾಗ ಮಿಸಿಸಿಪ್ಪಿ ರಾಜ್ಯ ಹೊರಡಿಸಿದ ಘೋಷಣೆ, ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಬೆರೆತಿದೆಯೆಂದು ಸಂಕೋಚವಿಲ್ಲದೆ ಹೇಳಿಕೊಂಡಿತು. ಇದನ್ನು ನಡೆಸಿದವರು ಹಗಲು ಬೆಳಕಿನಲ್ಲಿ ಓಡಾಡುವ, ಭಾನುವಾರ ಚರ್ಚಿಗೆ ಹೋಗುವ, ಲೆಕ್ಕದ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಇಡುವ ಸಂಭಾವಿತರು. ಆ ಕಾಲದ ನಿಜವಾದ ಭಯಾನಕತೆ ಇರುವುದು ಇದರಲ್ಲಿಯೇ. ಅವರ ಬಾಯಿಗೆ ಕೋರೆಹಲ್ಲು ಅಂಟಿಸಿದೊಡನೆ ಅವರು ನಮ್ಮ ಕುಲದವರಲ್ಲ ಎಂಬ ನಿರಾಳತೆ ಪ್ರೇಕ್ಷಕನಿಗೆ ಸಿಕ್ಕಿಬಿಡುತ್ತದೆ.

ಲಿಂಕನ್ ಸ್ವತಃ ಈ ನಿರಾಳತೆಯನ್ನು ತಮ್ಮ ಜನರಿಗೆ ಕೊಡಲಿಲ್ಲ. 1865ರ ಮಾರ್ಚ್ 4ರಂದು, ಹತ್ಯೆಗೆ ಆರು ವಾರ ಮೊದಲು, ಎರಡನೆಯ ಬಾರಿ ಅಧಿಕಾರ ಸ್ವೀಕರಿಸಿ ಮಾಡಿದ ಸಣ್ಣ ಭಾಷಣದಲ್ಲಿ ಅವರು ಗೆಲ್ಲುತ್ತಿದ್ದ ಪಕ್ಷದ ನಾಯಕನಂತೆ ಮಾತನಾಡಲಿಲ್ಲ. ಎರಡೂವರೆ ಶತಮಾನ ಕೂಲಿ ಕೊಡದೆ ದುಡಿಸಿ ಪೇರಿಸಿದ ಸಂಪತ್ತಿನ ಪಾಪ ದಕ್ಷಿಣದ್ದಷ್ಟೇ ಅಲ್ಲ, ಉತ್ತರದ್ದೂ ಹೌದು. ಈ ಯುದ್ಧ ಇಬ್ಬರಿಗೂ ಬಂದ ದಂಡನೆಯಾಗಿರಬಹುದು ಎಂಬುದು ಅವರ ಮಾತಿನ ಸಾರ. ಪಾಪವನ್ನು ತನ್ನವರ ಪಾಲಿಗೂ ಹಚ್ಚಿಕೊಂಡ ಅಂಥ ಮನುಷ್ಯನ ಕೈಗೆ ಕೊಡಲಿ ಕೊಟ್ಟು, ಪಾಪವೆಲ್ಲ ಪಿಶಾಚಿಗಳದೆಂದು ತೋರಿಸುವುದು ಅವರ ಜೀವನದ ತಿರುಳನ್ನೇ ತಲೆಕೆಳಗು ಮಾಡಿದಂತೆ.

ಈ ಚಿತ್ರದಲ್ಲಿ ವಿಲ್ ಜಾನ್ಸನ್ ಎಂಬ ಕಪ್ಪು ವರ್ಣದ ಬಾಲ್ಯಸ್ನೇಹಿತ ಲಿಂಕನ್ ಅವರ ಜೊತೆ ಪಿಶಾಚಿಗಳೊಡನೆ ಸೆಣಸುತ್ತಾನೆ. ಅದೇ ಹೆಸರಿನ, ವಿಲಿಯಂ ಜಾನ್ಸನ್ ಎಂಬ ಸೇವಕ ಲಿಂಕನ್ ಅವರಿಗೆ ನಿಜವಾಗಿಯೂ ಇದ್ದ. ಅಧ್ಯಕ್ಷರ ಭವನದ ಇತರ ಸಿಬ್ಬಂದಿ ಅವನ ಮೈಬಣ್ಣ ತಮಗಿಂತ ಹೆಚ್ಚು ಕಪ್ಪೆಂದು ಅವನನ್ನು ಒಪ್ಪಲಿಲ್ಲ. ಲಿಂಕನ್ ಶಿಫಾರಸು ಪತ್ರ ಬರೆದು ಖಜಾನೆ ಇಲಾಖೆಯಲ್ಲಿ ಅವನಿಗೊಂದು ಜವಾನನ ಕೆಲಸ ಕೊಡಿಸಿದರು. ಗೆಟಿಸ್‌ಬರ್ಗ್ ಭಾಷಣ ಮುಗಿಸಿ ಮರಳುವಾಗ ಲಿಂಕನ್ ಸಿಡುಬಿನಿಂದ ನರಳಿದರು, ಜಾನ್ಸನ್ ಉಪಚರಿಸಿದ. ಅನಂತರ ಅವನಿಗೂ ಸಿಡುಬು ತಗುಲಿತು. ಆಗ ಭೇಟಿಗೆ ಹೋದ ಪತ್ರಕರ್ತನೊಬ್ಬನಿಗೆ ಕಂಡದ್ದು, ಮೇಜಿನ ಮೇಲೆ ನೋಟುಗಳನ್ನು ಎಣಿಸಿ ವಿಂಗಡಿಸುತ್ತಿದ್ದ ಅಧ್ಯಕ್ಷ. ಆಸ್ಪತ್ರೆಯಲ್ಲಿದ್ದ ಜಾನ್ಸನ್ ಸಹಿ ಹಾಕಿ ಸಂಬಳ ಪಡೆಯಲಾರದವನಾಗಿದ್ದರಿಂದ, ಇಲಾಖೆಯ ಕಟ್ಟುಪಾಡುಗಳನ್ನೆಲ್ಲ ಪೂರೈಸಿ ಅವನ ಹಣವನ್ನು ತಾವೇ ತಂದು, ಅವನು ಹೇಳಿದಂತೆ ಭಾಗ ಮಾಡುತ್ತಿದ್ದರಂತೆ. 1864ರ ಜನವರಿಯಲ್ಲಿ ಜಾನ್ಸನ್ ತೀರಿಕೊಂಡ. ದೇಶ ಇಬ್ಭಾಗವಾಗುತ್ತಿದ್ದಾಗ ಒಬ್ಬ ಜವಾನನ ಸಂಬಳದ ಚೀಟಿಗಾಗಿ ಸಮಯ ಕೊಟ್ಟ ರಾಷ್ಟ್ರಾಧ್ಯಕ್ಷ, ಸರ್ಕಾರಿ ಕಚೇರಿಗಳಲ್ಲಿ ಜೀವನ ಸವೆಸಿದ ನನಗೆ ಪಿಶಾಚಿ ಬೇಟೆಗಾರನಿಗಿಂತ ಹೆಚ್ಚು ಅದ್ಭುತವಾಗಿ ಕಾಣುತ್ತಾರೆ.

ಸಣ್ಣ ಸುಳ್ಳು, ದೊಡ್ಡ ಸುಳ್ಳು

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪಿಶಾಚಿಯ ಕಥೆ ಸುಳ್ಳೆಂದು ಎಲ್ಲರಿಗೂ ಗೊತ್ತು; ಅದರಿಂದ ಯಾರು ಮೋಸಹೋಗುತ್ತಾರೆ? ನಿಜವೆಂಬ ವೇಷದಲ್ಲಿ ಬರುವ ಚಿತ್ರಗಳ ಸಣ್ಣ ಸುಳ್ಳುಗಳೇ ಹೆಚ್ಚು ಅಪಾಯಕಾರಿಯಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ಸ್ಪಿಲ್‌ಬರ್ಗ್ ಅವರ ಗಂಭೀರ ಚಿತ್ರದಲ್ಲಿಯೇ, 13ನೆಯ ತಿದ್ದುಪಡಿಯ ಮತದಾನದಲ್ಲಿ ಕನೆಕ್ಟಿಕಟ್ ರಾಜ್ಯದ ಇಬ್ಬರು ಪ್ರತಿನಿಧಿಗಳು ವಿರುದ್ಧವಾಗಿ ಮತ ಹಾಕುತ್ತಾರೆ. ವಾಸ್ತವದಲ್ಲಿ 1865ರ ಜನವರಿ 31ರಂದು ಆ ರಾಜ್ಯದ ನಾಲ್ವರೂ ತಿದ್ದುಪಡಿಯ ಪರವಾಗಿದ್ದರು. ಅದೇ ರಾಜ್ಯದ ಸಂಸದ ಜೋ ಕೋರ್ಟ್ನಿ 2013ರಲ್ಲಿ ಇದನ್ನು ಎತ್ತಿ ತೋರಿಸಿದಾಗ, ಚಿತ್ರಕಥೆ ಬರೆದ ಟೋನಿ ಕುಶ್ನರ್ ಮತದಾನದ ಬಿಗಿಯನ್ನು ತೋರಿಸಲು ಬದಲಾವಣೆ ಮಾಡಿದ್ದಾಗಿ ಒಪ್ಪಿಕೊಂಡರು. ಪ್ರೇಕ್ಷಕ ಲಿಂಕನ್ ಅವರ ಕೊಡಲಿಯನ್ನು ನಂಬುವುದಿಲ್ಲ. ಕನೆಕ್ಟಿಕಟ್‌ನ ಮತವನ್ನು ನಂಬಿಬಿಡುತ್ತಾನೆ.

ಆದ್ದರಿಂದ ಸಂಗತಿಗಳ ನಿಖರತೆಯೊಂದೇ ಅಳತೆಗೋಲಾಗಲಾರದು. ಸಂಗತಿಯ ತಪ್ಪನ್ನು ದಾಖಲೆ ತೋರಿಸಿ ತಿದ್ದಬಹುದು. ಆದರೆ ಯಾರು ಹೊಣೆ ಎಂಬ ಪ್ರಶ್ನೆಗೆ ಮನಸ್ಸಿನಲ್ಲಿ ಮೂಡುವ ಉತ್ತರ ಜಾರಿಹೋದರೆ ಅದನ್ನು ತಿದ್ದುವುದು ಕಷ್ಟ. ನಾನು ಸೇವೆಯಲ್ಲಿದ್ದ ಮೊದಲ ವರ್ಷಗಳಲ್ಲಿ ಉಗ್ರಾಣವೊಂದರ ದಾಸ್ತಾನು ತಪಾಸಣೆಗೆ ಹೋಗಿದ್ದೆ. ಪುಸ್ತಕದಲ್ಲಿದ್ದ ಅಕ್ಕಿಗೂ ನೆಲದ ಮೇಲಿದ್ದ ಅಕ್ಕಿಗೂ ಹತ್ತಾರು ಮೂಟೆಗಳ ವ್ಯತ್ಯಾಸ. ಕಾರಣವೆಂದು ಬರೆದಿದ್ದುದು ಒಂದೇ ಸಾಲು: ಇಲಿಗಳು ತಿಂದಿವೆ. ಇಲಿಗಳು ಇದ್ದದ್ದು ಸುಳ್ಳಲ್ಲ. ಅವು ಸ್ವಲ್ಪ ತಿಂದಿರಲೂಬಹುದು. ಆದರೆ ಇಲಿಯನ್ನು ಯಾರೂ ವಿಚಾರಣೆಗೆ ಕರೆಯುವಂತಿಲ್ಲ, ಅಮಾನತಿನಲ್ಲಿ ಇಡುವಂತಿಲ್ಲ. ಆ ಒಂದು ಸಾಲು ಬರೆದ ಕೂಡಲೇ ಕಡತ ಮುಚ್ಚಿಹೋಗುತ್ತದೆ. ಇತಿಹಾಸದ ಕಥೆಯೊಳಗೆ ಪಿಶಾಚಿ ಬಂದಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ. ಈ ಪಿಶಾಚಿ ಕಡತವನ್ನು ಮುಚ್ಚಲು ಬಂದಿದೆಯೋ, ತೆರೆಯಲು ಬಂದಿದೆಯೋ?

ಕಡತ ಮುಚ್ಚಿದ್ದಕ್ಕೆ ಇನ್ನೊಂದು ನಿದರ್ಶನ 2018ರ ‘ವಿಂಚೆಸ್ಟರ್’ ಚಿತ್ರ. ಬಂದೂಕು ತಯಾರಿಸುವ ಕುಟುಂಬದ ವಿಧವೆ ಸಾರಾ ವಿಂಚೆಸ್ಟರ್ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯಲ್ಲಿ ಕಟ್ಟಿಸಿದ ಸುಮಾರು 160 ಕೋಣೆಗಳ ಮನೆ ಇಂದಿಗೂ ಪ್ರವಾಸಿಗಳನ್ನು ಸೆಳೆಯುತ್ತದೆ. ಆ ಬಂದೂಕುಗಳಿಗೆ ಬಲಿಯಾದವರ ಪ್ರೇತಗಳನ್ನು ತಣಿಸಲು ಆಕೆ ಹಗಲಿರುಳು ಕಟ್ಟಿಸುತ್ತಲೇ ಹೋದಳು ಎಂಬುದು ದಂತಕಥೆ. ಚಿತ್ರದಲ್ಲಿ ಆ ಪ್ರೇತಗಳು ನಿಜವಾಗಿಯೇ ಬರುತ್ತವೆ. 2010ರಲ್ಲಿ ಆಕೆಯ ಜೀವನಚರಿತ್ರೆ ಬರೆದ ಮೇರಿ ಜೋ ಇಗ್ನೋಫೋ ದಾಖಲೆಗಳನ್ನು ಜಾಲಾಡಿ ಬೇರೊಂದು ಹೆಂಗಸನ್ನು ಕಂಡರು. ಕೆಲಸ ತಿಂಗಳುಗಟ್ಟಲೆ ನಿಂತದ್ದೂ ಉಂಟು. ಎಲ್ಲಿಗೂ ಹೋಗದ ಮೆಟ್ಟಿಲು, ಶೂನ್ಯಕ್ಕೆ ತೆರೆಯುವ ಬಾಗಿಲುಗಳಲ್ಲಿ ಹಲವು 1906ರ ಭೂಕಂಪದಲ್ಲಿ ಕುಸಿದ ಭಾಗಗಳನ್ನು ಮತ್ತೆ ಕಟ್ಟಿಸದೆ ಬಿಟ್ಟದ್ದರ ಫಲ. ಕ್ಷಯರೋಗದಿಂದ ಸತ್ತ ಪತಿಯ ಹೆಸರಿನಲ್ಲಿ ಆಕೆ ಕ್ಷಯರೋಗಿಗಳ ಆಸ್ಪತ್ರೆಗೆ ಉದಾರವಾಗಿ ಹಣ ಕೊಟ್ಟಿದ್ದಳು. ಆಕೆ ಸತ್ತದ್ದು 1922ರಲ್ಲಿ. ಮರುವರ್ಷವೇ ಮನೆ ಟಿಕೆಟ್ಟಿನ ಪ್ರದರ್ಶನವಾಯಿತು. ದಾನಿಗಿಂತ ಹುಚ್ಚಿಗೆ ಹೆಚ್ಚು ಟಿಕೆಟ್ಟು ಮಾರಾಟವಾಗುತ್ತದೆ. ಚಿತ್ರದಲ್ಲಿ ಬಂದೂಕಿನ ಪಾಪವನ್ನೆಲ್ಲ ಹೊತ್ತು ನಡುಗುವವಳು ಒಬ್ಬ ಮುದುಕಿ. ಕಾರ್ಖಾನೆ ನಡೆಸಿದ ಗಂಡಸರ ಆಡಳಿತ ಮಂಡಲಿಯ ಬಾಗಿಲನ್ನು ಯಾವ ಪ್ರೇತವೂ ತಟ್ಟಲಿಲ್ಲ.

ಚಿಲಿಯ ಮುದಿ ಪಿಶಾಚಿ

ಹಾಗಾದರೆ ಕಡತವನ್ನು ತೆರೆಯುವ ಪಿಶಾಚಿ ಇದೆಯೇ? ಇದೆ. ಚಿಲಿ ದೇಶದ ನಿರ್ದೇಶಕ ಪಾಬ್ಲೊ ಲರಾಯಿನ್ 2023ರಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರ ‘ಎಲ್ ಕೊಂದೆ’ಯಲ್ಲಿ ಪಿಶಾಚಿಯಾಗಿರುವುದು ಸರ್ವಾಧಿಕಾರಿ ಆಗುಸ್ತೊ ಪಿನೊಶೆ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಹದಿನಾರನೆಯ ಲೂಯಿಯ ಸೈನಿಕನಾಗಿದ್ದು, ರಾಣಿ ಮೇರಿ ಆಂಟೊನೆಟ್‌ಳ ಶಿರಚ್ಛೇದ ಮಾಡಿದ ಯಂತ್ರದ ಮೇಲಿನ ರಕ್ತ ನೆಕ್ಕಿದವನು, ಕ್ರಾಂತಿಗಳನ್ನೆಲ್ಲ ಹತ್ತಿಕ್ಕುತ್ತಾ ಚಿಲಿಗೆ ಬಂದು ಸೇನಾಪತಿಯಾದನೆಂಬುದು ಕಥೆ. ಸತ್ತಂತೆ ನಟಿಸಿ, ದೂರದ ಹಾಳು ಬಂಗಲೆಯೊಂದರಲ್ಲಿ 250 ವರ್ಷದ ಈ ಮುದುಕ ಬೇಸರದಿಂದ ಬದುಕಿದ್ದಾನೆ. ಆಸ್ತಿಯ ಪಾಲಿಗಾಗಿ ಮಕ್ಕಳು ಬಂದು ಕುಳಿತಿದ್ದಾರೆ.

ಚಿತ್ರದ ಹಿಂದಿರುವ ವಾಸ್ತವವನ್ನು ಸಂಕ್ಷೇಪವಾಗಿ ಹೇಳಬೇಕು. 1973ರ ಸೆಪ್ಟೆಂಬರ್ 11ರಂದು ಚುನಾಯಿತ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಅವರ ಸರ್ಕಾರವನ್ನು ಸೇನೆ ಉರುಳಿಸಿತು. ಪಿನೊಶೆ 1990ರವರೆಗೆ ಆಳಿದ. ಪ್ರಜಾಪ್ರಭುತ್ವ ಮರಳಿದ ಮೇಲೆ ರೆಟ್ಟಿಗ್ ಆಯೋಗ 1991ರಲ್ಲಿ ಸಾವು ಮತ್ತು ಕಣ್ಮರೆಯ 2,279 ಪ್ರಕರಣಗಳನ್ನು ದಾಖಲಿಸಿತು. ವಾಲೆಕ್ ಆಯೋಗ 2004ರಲ್ಲಿ ಸೆರೆಹಿಂಸೆಗೆ ಒಳಗಾದ 27,000ಕ್ಕೂ ಹೆಚ್ಚು ಜನರನ್ನು ಗುರುತಿಸಿತು. 1998ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಪಿನೊಶೆಯ ಬಂಧನವಾದರೂ ಅನಾರೋಗ್ಯದ ಕಾರಣಕ್ಕೆ 2000ದಲ್ಲಿ ಊರಿಗೆ ಮರಳಿಸಲಾಯಿತು. 2004ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ವಾಷಿಂಗ್ಟನ್ನಿನ ರಿಗ್ಸ್ ಬ್ಯಾಂಕಿನಲ್ಲಿ ಅವನ ಗುಪ್ತ ಖಾತೆಗಳನ್ನು ಬಯಲಿಗೆಳೆಯಿತು. 2006ರ ಡಿಸೆಂಬರ್ 10ರಂದು, 91ನೆಯ ವಯಸ್ಸಿನಲ್ಲಿ, ಯಾವ ಮೊಕದ್ದಮೆಯಲ್ಲೂ ಶಿಕ್ಷೆಯಾಗದೆ ಸತ್ತ.

ಶಿಕ್ಷೆಯಿಲ್ಲದೆ ಸತ್ತವನು ನಿಜವಾಗಿ ಸತ್ತಂತಾಯಿತೇ ಎಂಬ ಪ್ರಶ್ನೆಯನ್ನು ಕೇಳಲು ಪಿಶಾಚಿಗಿಂತ ತಕ್ಕ ರೂಪಕ ಸಿಗಲಾರದು. ಲಿಂಕನ್ ಚಿತ್ರದಲ್ಲಿ ಪಿಶಾಚಿ ಮನುಷ್ಯರ ಅಪರಾಧವನ್ನು ಮರೆಮಾಡಿತು. ಇಲ್ಲಿ ಅದು ಹೆಸರಿರುವ ಒಬ್ಬ ಅಪರಾಧಿಯ ಮೇಲೆ ಬೆರಳಿಟ್ಟು ತೋರಿಸುತ್ತದೆ. ನನಗೆ ಬಹಳ ಹಿಡಿಸಿದ ಪಾತ್ರವೆಂದರೆ ಅವನ ದೆವ್ವ ಬಿಡಿಸಲು ಬರುವ ಸನ್ಯಾಸಿನಿ. ಆಕೆ ಶಿಲುಬೆಯ ಜೊತೆಗೆ ಲೆಕ್ಕದ ಕಾಗದಗಳನ್ನೂ ತರುತ್ತಾಳೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಯಾವ ಖಾತೆಗೆ ಎಷ್ಟು ಹಣ ಹೇಗೆ ಬಂತು ಎಂದು ನಗುನಗುತ್ತಾ ಕೇಳುತ್ತಾಳೆ. ಮಂತ್ರಕ್ಕಿಂತ ಲೆಕ್ಕಪರಿಶೋಧನೆಯೇ ದೊಡ್ಡ ಉಚ್ಚಾಟನೆ ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಭಯಾನಕ ಚಿತ್ರ ಇನ್ನೊಂದನ್ನು ನಾನು ಕಂಡಿಲ್ಲ. ಕೊಲೆಗಾರ ಎನಿಸಿಕೊಳ್ಳಲು ಬೇಸರಪಡದ ಈ ಪಿಶಾಚಿಗೆ ಕಳ್ಳನೆನಿಸಿಕೊಂಡದ್ದೇ ಮನೋವ್ಯಥೆ. ಅಧಿಕಾರದ ಮನಸ್ಸನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ಸತ್ಯ ತಿಳಿದೀತು.

ಆದರೂ ಈ ಚಿತ್ರಕ್ಕೆ ಪೂರ್ಣಾಂಕ ಕೊಡಲಾಗುವುದಿಲ್ಲ. ಪಿನೊಶೆಯನ್ನು ಫ್ರಾನ್ಸಿನಿಂದ ಬಂದ ಪಿಶಾಚಿ ಎಂದಾಗ ಅವನನ್ನು ಬೆಳೆಸಿದ, ಬೆಂಬಲಿಸಿದ, ಅವನಿಂದ ಲಾಭ ಪಡೆದ ಚಿಲಿಯ ಸಮಾಜ ಸ್ವಲ್ಪ ನೆರಳಿಗೆ ಸರಿಯುತ್ತದೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದು ಅವನ ಆರ್ಥಿಕ ನೀತಿ ರೂಪಿಸಿದ ತಜ್ಞರು ಪಿಶಾಚಿಗಳಾಗಿರಲಿಲ್ಲ, ನಮ್ಮಂಥ ಪದವೀಧರರು. ನಮ್ಮ ಪೀಳಿಗೆಯವರು ತರಗತಿಯಲ್ಲಿ ಚಿಲಿಯನ್ನು ಒಂದು ‘ಪ್ರಯೋಗ’ವೆಂದು ಚರ್ಚಿಸಿದೆವು. ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಏನು ನಡೆಯುತ್ತಿತ್ತೆಂದು ಕೇಳಿದವರು ಕಡಿಮೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ಚಿತ್ರ ಪ್ರದರ್ಶನ ಕಂಡ ಸಮಯದಲ್ಲೇ, 2023ರ ಆಗಸ್ಟ್‌ನಲ್ಲಿ, ಚಿಲಿ ಸರ್ಕಾರ ಕಣ್ಮರೆಯಾದವರನ್ನು ಹುಡುಕುವ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಬಲವಂತವಾಗಿ ಕಣ್ಮರೆ ಮಾಡಲಾದ 1,469 ಮಂದಿಯಲ್ಲಿ ಅದುವರೆಗೆ ಅವಶೇಷ ಸಿಕ್ಕಿ ಗುರುತು ಹತ್ತಿದ್ದು 307 ಮಂದಿಯದು ಮಾತ್ರ. ಐವತ್ತು ವರ್ಷ ಕಾದ ತಾಯಂದಿರಿಗೆ, ಹೆಂಡಂದಿರಿಗೆ ಪಿಶಾಚಿಯ ಹಾಸ್ಯ ನಗು ತರಿಸೀತೇ ಎಂಬ ಪ್ರಶ್ನೆಗೆ ದೂರದಲ್ಲಿ ಕುಳಿತ ನಾವು ಉತ್ತರ ಹೇಳಲಾರೆವು.

ಶಾಪದ ನ್ಯಾಯ

ಕನ್ನಡಿಗರಿಗೆ ಈ ಬೆರಕೆ ಹೊಸದೇನಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದದ್ದು ಇತಿಹಾಸ. ಆ ಪ್ರತಿನಿಧಿಯ ಪತ್ನಿ ಅಲಮೇಲಮ್ಮ, ತನ್ನ ಒಡವೆಗಳಿಗಾಗಿ ಬೆನ್ನಟ್ಟಿದ ಭಟರಿಂದ ತಪ್ಪಿಸಿಕೊಂಡು ತಲಕಾಡಿಗೂ ಮಾಲಂಗಿಗೂ ಮೈಸೂರು ದೊರೆಗಳ ಸಂತಾನಕ್ಕೂ ಶಾಪವಿತ್ತು ಕಾವೇರಿಯ ಮಡುವಿಗೆ ಹಾರಿದಳೆಂಬುದು ಐತಿಹ್ಯ. ತಲಕಾಡು ಮರಳಿನಲ್ಲಿ ಹೂತದ್ದಕ್ಕೆ ನದಿಯ ತಿರುವು, ಗಾಳಿ, 14ನೆಯ ಶತಮಾನದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಅಣೆಕಟ್ಟು ಎಂಬ ವಿವರಣೆಗಳೂ ಉಂಟು. ಶಾಪವನ್ನು ನಾನು ನಂಬುವುದಿಲ್ಲ. ಆದರೆ ಆ ಕಥೆ ಮಾಡಿದ ಕೆಲಸವನ್ನು ಗೌರವಿಸುತ್ತೇನೆ. ಗೆದ್ದವರ ಚರಿತ್ರೆಯಲ್ಲಿ ಒಂದು ಸಾಲೂ ಸಿಗದೆ ಹೋಗಬಹುದಾಗಿದ್ದ ಸೋತ ಹೆಂಗಸೊಬ್ಬಳ ದೂರನ್ನು ಅದು ನಾಲ್ಕು ಶತಮಾನ ಜೀವಂತವಾಗಿ ಇರಿಸಿತು. ಗೆದ್ದವರ ಅರಮನೆಯಲ್ಲೇ ಆಕೆಗೆ ಪೂಜೆ ಸಲ್ಲುವಂತಾಯಿತು. ಇಲ್ಲಿ ಅತಿಮಾನುಷ ಶಕ್ತಿ ನಿಂತಿರುವುದು ನೊಂದವರ ಪಕ್ಷದಲ್ಲಿ.

ಇಂಥ ಕಥೆಗಳನ್ನು ಕಾನೂನಿನಿಂದ ಹತೋಟಿಯಲ್ಲಿಡಬೇಕೆಂಬ ವಾದ ನಮ್ಮಲ್ಲಿ ಬೇಗ ಏಳುತ್ತದೆ. ಮೃತರ ಮಾನಹಾನಿಯೂ ಕೆಲವು ಸಂದರ್ಭಗಳಲ್ಲಿ ಅಪರಾಧವೆಂದು ಹಳೆಯ ದಂಡ ಸಂಹಿತೆಯ 499ನೆಯ ಕಲಂ ಹೇಳುತ್ತಿತ್ತು; ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಅದನ್ನೇ ಮುಂದುವರಿಸಿದೆ. ಗಾಂಧೀಜಿಯವರನ್ನು ಪಾತ್ರವಾಗಿಸಿದ ಮರಾಠಿ ಕವಿತೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಇತಿಹಾಸದಲ್ಲಿ ಗೌರವಕ್ಕೆ ಪಾತ್ರರಾದ ವ್ಯಕ್ತಿಗಳ ಬಾಯಲ್ಲಿ ಅಶ್ಲೀಲ ಮಾತು ಇಡುವಾಗ ಅಶ್ಲೀಲತೆಯ ಅಳತೆ ಇನ್ನಷ್ಟು ಕಟ್ಟುನಿಟ್ಟಾಗಬೇಕೆಂಬ ನಿಲುವು ತಳೆಯಿತು. ಆ ತೀರ್ಪಿನ ಕಾಳಜಿ ಅರ್ಥವಾಗುತ್ತದೆ. ಆದರೂ ನಿಷೇಧ ಈ ರೋಗಕ್ಕೆ ಮದ್ದಲ್ಲ ಎಂದೇ ನನ್ನ ಭಾವನೆ. ಪಿಶಾಚಿಯ ಕಥೆಯನ್ನು ತಡೆಯುವ ಅಧಿಕಾರ ಸಿಕ್ಕಿದ ಕೈ ನಾಳೆ ‘ಎಲ್ ಕೊಂದೆ’ಯನ್ನೂ ತಡೆದೀತು. ಸರ್ವಾಧಿಕಾರಿಗಳಿಗೂ ಅಭಿಮಾನಿಗಳಿರುತ್ತಾರೆ, ಅವರ ಭಾವನೆಗಳಿಗೂ ಧಕ್ಕೆಯಾಗುತ್ತದೆ. ರುಮೇನಿಯದ ಉದಾಹರಣೆ ಹೇಳುವಂತೆ, ಸರ್ಕಾರದ ಒಪ್ಪಿಗೆ ಪಡೆದ ಇತಿಹಾಸವೂ ಒಂದು ವೇಷವೇ.

ಬೇಕಾಗಿರುವುದು ಪ್ರೇಕ್ಷಕರ ಎಚ್ಚರ. ಮಕ್ಕಳು ಇಂಥ ಚಿತ್ರ ನೋಡುವಾಗ ಟಿ.ವಿ. ಆರಿಸುವುದಕ್ಕಿಂತ, ಮುಗಿದ ಮೇಲೆ ಒಂದೆರಡು ಪ್ರಶ್ನೆ ಕೇಳುವುದು ಉಪಯುಕ್ತ. ಈ ಕಥೆಯಿಂದ ಪಿಶಾಚಿಯನ್ನು ತೆಗೆದುಹಾಕಿದರೆ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಸತ್ತವರು ಯಾರು, ಅವರ ಹೆಸರೇನು? ನಮ್ಮ ಮನೆಯಲ್ಲಿ ಕೇಳಿದಾಗ ಕಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಲ್ಲೊಬ್ಬಳು, ಹಾಗಾದರೆ ಗುಲಾಮರನ್ನು ಕೊಂಡವರೆಲ್ಲ ನಮ್ಮ ಹಾಗೇ ಇದ್ದ ಜನರೇ ಎಂದು ಕೇಳಿದಳು. ಚಿತ್ರದ ಯಾವ ದೃಶ್ಯಕ್ಕೂ ಬೆಚ್ಚದಿದ್ದ ಹುಡುಗಿ, ಹೌದು ಎಂಬ ಉತ್ತರಕ್ಕೆ ಬೆಚ್ಚಿದ್ದನ್ನು ಕಂಡೆ.

ಅಂದ ಹಾಗೆ, ಆ ಉಗ್ರಾಣದ ದಾಸ್ತಾನು ಪುಸ್ತಕಕ್ಕೆ ನಾನು ಕೊನೆಗೆ ಸಹಿ ಹಾಕಿದೆ. ಹೊಸಬನಾಗಿದ್ದೆ, ಹಿರಿಯರು ಹಾಗೇ ನಡೆದುಕೊಂಡು ಬಂದಿದೆ ಎಂದರು. ಇಲಿಗಳು ತಿಂದಿವೆ ಎಂಬ ಸಾಲಿನ ಕೆಳಗೆ ನನ್ನ ಹೆಸರು ಇಂದಿಗೂ ಎಲ್ಲೋ ಒಂದು ಕಡತದಲ್ಲಿರಬೇಕು.